ಇಡೀ ಗಾಡಿ ನೋಡಬೇಡಿ

ಹಳೇ ಕಾರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತವರಿಗೆ ಧೈರ್ಯ ತುಂಬುವುದರಲ್ಲಿ ಲಾಂಗ್ಟನ್ನಿನ ಟ್ರೆವರ್ ಬ್ಲೂರ್ ಎತ್ತಿದ ಕೈ. ಸುತ್ತಮುತ್ತಲಿನ ಪಿಂಗಾಣಿ ಕಾರ್ಖಾನೆಗಳ ಊರುಗಳಲ್ಲಿ ಯಾರ ಶೆಡ್ಡಿನಲ್ಲಾದರೂ ಒಂದು ಮೋರಿಸ್ ಮೈನರ್ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ನಿಂತುಬಿಟ್ಟು, ಅದರ ಯಜಮಾನ ಇನ್ನು ಸಾಕು, ಗುಜರಿಗೆ ಹಾಕುತ್ತೇನೆ ಎಂದನೆಂದರೆ, ಹಳೇ ಮೋರಿಸ್ ಬಳಗದವರು ಮೊದಲು ಫೋನ್ ಮಾಡುತ್ತಿದ್ದದ್ದು ಟ್ರೆವರನಿಗೆ. ಅವನು ಹೋಗುತ್ತಿದ್ದ. ಅವರ ಮನೆಯ ಚಹಾ ಕುಡಿದು, ಬಿಸ್ಕತ್ತು ಮುಗಿಸಿ, ತುಕ್ಕು ಹಿಡಿದ ತಗಡಿನ ಮೇಲೆ ಕರುವಿನ ಮೈ ಸವರುವ ಹಾಗೆ ಕೈಯಾಡಿಸುತ್ತಾ ಗಂಟೆಗಟ್ಟಲೆ ಮಾತಾಡುತ್ತಿದ್ದ. ಅವನು ಎದ್ದು ಹೊರಡುವ ಹೊತ್ತಿಗೆ ಆ ಬಡಪಾಯಿ ಮತ್ತೆ ಹಲವು ವರ್ಷಗಳಿಗೆ ಸಿಕ್ಕಿಹಾಕಿಕೊಂಡಿರುತ್ತಿದ್ದ. ಆ ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ತನ್ನನ್ನು ನೋಡುವ ನೋಟದಲ್ಲಿ ಕೃತಜ್ಞತೆ ಇದೆಯೆಂದು ಟ್ರೆವರ್ ತಿಳಿದಿದ್ದ.

ಅವನ ಸ್ವಂತ ಮೋರಿಸ್ ಮನೆ ಹಿಂದಿನ ಶೆಡ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ಒಂದು ಗೇಣೂ ಮುಂದೆ ಹೋದದ್ದಿಲ್ಲ. ಅದರ ಬಗ್ಗೆ ಅವನನ್ನು ಕೇಳುವಂತಿಲ್ಲ. ಕೇಳಿದರೆ ಹೇಳುತ್ತಾನೆ, ಅದೇ ಕಷ್ಟ.

ಟ್ರೆವರನ ತಪ್ಪೆಂದು ಪೂರ್ತಿ ಹೇಳಲಾಗದು. ಕಸುಬು ಮನುಷ್ಯನನ್ನು ಹಾಗೆ ಮಾಡಿಬಿಡುತ್ತದೆ. ಅವನು ವಯಸ್ಸಿಗೆ ಬಂದಾಗಿನಿಂದ ನಿವೃತ್ತಿಯವರೆಗೆ ದುಡಿದದ್ದು ಪಿಂಗಾಣಿ ಕಾರ್ಖಾನೆಯಲ್ಲಿ. ಅವನ ಕೆಲಸ ಬಟ್ಟಲು ಮಾಡುವುದಲ್ಲ, ಇನ್ನೊಬ್ಬರು ಮಾಡಿದ ಬಟ್ಟಲಲ್ಲಿ ಹುಳುಕು ಹುಡುಕುವುದು. ಭಟ್ಟಿಯಿಂದ ಬಂದ ಒಂದೊಂದನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಬೆರಳಿನ ಗೆಣ್ಣಿನಿಂದ ಟಿಣ್ಣೆಂದು ತಟ್ಟಿ, ಕಿವಿಗೊಟ್ಟು ಕೇಳಿ, ಸರಿ ಇದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ಎಡಕ್ಕೆ ಹೋದದ್ದು ಸೆಕೆಂಡ್ಸ್. ಅದನ್ನು ಕಾರ್ಖಾನೆಯ ಗೇಟಿನ ಅಂಗಡಿಯಲ್ಲಿ ಸಿಕ್ಕಿದ ಬೆಲೆಗೆ ಮಾರುತ್ತಿದ್ದರು, ಕೊಳ್ಳುತ್ತಿದ್ದವರು ಅಲ್ಲಿ ದುಡಿಯುವವರೇ. ಬ್ಲೂರ್ ದಂಪತಿ ಮದುವೆಯಾದಾಗಿನಿಂದ ಉಂಡದ್ದೆಲ್ಲ ಸೆಕೆಂಡ್ಸ್ ತಟ್ಟೆಗಳಲ್ಲೇ. ಒಂದರ ಅಂಚಿನ ಹೂವಿಗೆ ದಳ ಕಡಿಮೆ, ಇನ್ನೊಂದನ್ನು ಮೇಜಿನ ಮೇಲಿಟ್ಟರೆ ಒಂಚೂರು ಅಲ್ಲಾಡುತ್ತದೆ. ಭಾನುವಾರ ಬೆಳಿಗ್ಗೆ ಓಟ್ಸ್ ದೋಸೆಗೆ ಚೀಸು ಸುತ್ತಿಕೊಂಡು ಆ ಅಲ್ಲಾಡುವ ತಟ್ಟೆಯಲ್ಲಿ ತಿಂದರೂ ಹೊಟ್ಟೆ ತುಂಬುತ್ತದೆ ಎನ್ನುವುದು ಅವನ ಹೆಂಡತಿ ಡೋರೀನಳ ಅನುಭವ. ಟ್ರೆವರನ ಕಣ್ಣು ಮಾತ್ರ ಪ್ರತಿ ಊಟದಲ್ಲೂ ಇಲ್ಲದ ಆ ದಳದ ಮೇಲೆಯೇ ಇರುತ್ತಿತ್ತು.

ಡೋರೀನ್ ಮನೆಮನೆಗೆ ಹೋಗುವ ಸರ್ಕಾರಿ ನರ್ಸಾಗಿದ್ದವಳು. ಮದುವೆಗೆ ಮುಂಚೆ, ಇಪ್ಪತ್ತರ ಆಚೀಚೆಯ ವಯಸ್ಸಿನಲ್ಲಿ, ಅವಳಿಗೆ ಸಿಕ್ಕಿದ ಮೊದಲ ಸೀಮೆ ಲೀಕ್ ಊರಿನ ಮೇಲಿನ ಬೋರೆ. ಮರವಿಲ್ಲ, ನೆರಳಿಲ್ಲ, ಗಾಳಿ ಮತ್ತು ಕುರಿ. ಇಲಾಖೆಯವರು ಒಂದು ಮೋರಿಸ್ ಮೈನರ್ ಕೊಟ್ಟಿದ್ದರು. ಹಿಂದಿನ ಸೀಟಿನಲ್ಲಿ ಔಷಧಿ ಚೀಲ, ಪಕ್ಕದಲ್ಲಿ ಹಿಮ ಅಗೆಯುವ ಸಲಿಕೆ. ಹೆರಿಗೆಗೆ, ಮುದುಕರ ಕಾಲಿನ ಹುಣ್ಣಿಗೆ, ಒಮ್ಮೊಮ್ಮೆ ಬರೀ ಒಂಟಿ ಹೆಂಗಸರ ಜೊತೆ ಚಹಾ ಕುಡಿಯುವುದಕ್ಕೆ ಅವಳು ಆ ರಸ್ತೆಗಳಲ್ಲಿ ಓಡಾಡಿದಳು. ಆಮೇಲೆ ಪಟ್ಟಣಕ್ಕೆ ವರ್ಗವಾಯಿತು, ಕಾರು ಇಲಾಖೆಗೆ ವಾಪಸಾಯಿತು, ಮದುವೆಯಾಯಿತು. ಆ ಕಾರಿನಲ್ಲಿದ್ದಷ್ಟು ಹೊತ್ತು ನಾನು ಯಾರ ಮಗಳೂ ಅಲ್ಲ, ಯಾರ ಹೆಂಡತಿಯೂ ಅಲ್ಲ ಎಂದು ಅವಳು ಒಮ್ಮೆ ಹೇಳಿದ್ದು ಟ್ರೆವರನಿಗೆ ಎಷ್ಟು ಹಿಡಿಸಿತೆಂದರೆ, ಅವಳು ನಿವೃತ್ತಳಾದ ವರ್ಷ ಒಂದು ಮೋರಿಸ್ ತಂದೇಬಿಟ್ಟ. ಹಿಂಭಾಗಕ್ಕೆ ಮರದ ಚೌಕಟ್ಟಿರುವ, ಹಿಂದೆ ಎರಡು ಬಾಗಿಲು ತೆರೆಯುವ ನಮೂನೆಯದು. ಬೀಳ್ಕೊಡುಗೆಯ ಚಹಾಕೂಟದಲ್ಲಿ ಎದ್ದು ನಿಂತು, ಬರುವ ಬೇಸಿಗೆಯಲ್ಲಿ ನಮ್ಮ ಡೋರಿ ಇದನ್ನು ಓಡಿಸಿಕೊಂಡು ಬೋರೆ ಹತ್ತುತ್ತಾಳೆ ಎಂದು ಸಾರಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಡೋರೀನ್ ಕಣ್ಣೊರೆಸಿಕೊಂಡಳು. ಅದು ಟ್ರೆವರನ ಜೀವನದ ಮೊದಲ ಭಾಷಣ. ಕೆಲಸ ಮುಗಿಯುವ ಮೊದಲೇ ಚಪ್ಪಾಳೆ ಸಿಗುತ್ತದೆ ಎಂಬ ಸಂಗತಿ ಅವನಿಗೆ ಅಂದು ತಿಳಿಯಿತು. ತಿಳಿಯಬಾರದಿತ್ತು.

ಆ ಕಾರಿಗೆ ಒಂದಿಷ್ಟು ವೆಲ್ಡಿಂಗು, ಒಂದಿಷ್ಟು ಮರಗೆಲಸ, ಹೊಸ ಬ್ರೇಕು ಹಾಕಿದ್ದರೆ ಆ ಬೇಸಿಗೆಗೇ ಓಡುತ್ತಿತ್ತು. ಟ್ರೆವರ್ ಅದನ್ನು ಕೊನೆಯ ತಿರುಪಿನವರೆಗೆ ಬಿಚ್ಚಿದ. ಮಾಡುವುದಾದರೆ ಸರಿಯಾಗಿ ಮಾಡಬೇಕು ಎನ್ನುವುದು ಅವನ ಮಾತು. ಬಣ್ಣ ಹೊಡೆದ, ಒಣಗಿದ ಮೇಲೆ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ, ಏನು ಕೇಳಿಸಿತೋ ದೇವರಿಗೇ ಗೊತ್ತು, ಮತ್ತೆ ಕೆರೆದು ಹಾಕಿದ. ಹಸಿರು ಬಣ್ಣ ಟ್ಯೂಬ್‌ಲೈಟಿನ ಕೆಳಗೆ ಒಂದು ಥರ, ಬಿಸಿಲಲ್ಲಿ ಇನ್ನೊಂದು ಥರ ಕಂಡಿತು. ಆ ಊರಿನಲ್ಲಿ ಬಿಸಿಲು ಯಾವಾಗ ಬರುತ್ತದೆಂದು ಕಾಯುವುದರಲ್ಲೇ ಒಂದು ವರ್ಷ ಹೋಯಿತು. ಹಿಂಭಾಗದ ಮರದ ಚೌಕಟ್ಟನ್ನು ಹೊಸದಾಗಿ ಮಾಡಿಸಿದ. ಮೆರುಗೆಣ್ಣೆ ಹಚ್ಚಿ ನೋಡಿದರೆ ಎಡಗಡೆ ಮರದ ಗೆರೆ ಮೇಲಕ್ಕೂ ಬಲಗಡೆಯದು ಕೆಳಕ್ಕೂ ಹೋಗುತ್ತಿತ್ತು. ಒಂದೇ ಸಲಕ್ಕೆ ಎರಡೂ ಕಡೆ ನೋಡಬೇಕಾದರೆ ಮನುಷ್ಯನಿಗೆ ಎರಡು ತಲೆ ಬೇಕು. ಆದರೂ ಮತ್ತೆ ಮಾಡಿಸಿದ.

ಮುಗಿದ ಭಾಗಗಳು ಶೆಡ್ಡಿನ ತೇವಕ್ಕೆ ಹಾಳಾಗುತ್ತವೆಂದು ಮನೆಯೊಳಗೆ ಬಂದವು. ಬೆಳ್ಳಿಯಂತೆ ಉಜ್ಜಿದ ಕಾರ್ಬ್ಯುರೇಟರ್ ಬೆಂಕಿಗೂಡಿನ ಮೇಲೆ, ಮದುವೆಯ ಫೋಟೋ ಪಕ್ಕದಲ್ಲಿ ಕುಳಿತಿತು. ಹೆಡ್‌ಲೈಟುಗಳೂ ಕನ್ನಡಿಗಳೂ ಬಟ್ಟೆ ಕಪಾಟಿನ ಟವೆಲ್ಲುಗಳ ನಡುವೆ ಸೇರಿದವು, ಸ್ಟಿಯರಿಂಗ್ ಚಕ್ರ ಡೋರೀನಳ ಕೋಟುಗಳ ನಡುವೆ ತೂಗಿಕೊಂಡಿತು. ಅವಳು ಎಲ್ಲಕ್ಕೂ ಧೂಳು ಹೊಡೆದಳು. ಊಟಕ್ಕೆ ಕುಳಿತರೆ ಯಾವ ಪೈಪು ಎಲ್ಲಿಗೆ, ಯಾವ ತಂತಿ ಯಾವುದರ ಬಾಯಿಗೆ, ಯಾವ ನಟ್ಟು ಎಷ್ಟು ಬಿಗಿ ಎಂದು ಟ್ರೆವರ್ ಶುರುಮಾಡುತ್ತಿದ್ದ. ಪಕ್ಕದ ಮನೆಯ ರೇಡಿಯೋ ಕೇಳಿಸಿಕೊಳ್ಳುವ ಹಾಗೆ ಅವಳು ಕೇಳಿಸಿಕೊಳ್ಳುತ್ತಿದ್ದಳು. ಬೇಡವೆಂದರೂ ಕಿವಿಗೆ ಬೀಳುತ್ತದೆ, ಬಿದ್ದದ್ದು ಉಳಿಯುತ್ತದೆ.

ವರ್ಷಗಳು ಹೋದ ಹಾಗೆ ಟ್ರೆವರನ ಕೀರ್ತಿ ಬೆಳೆಯಿತು. ಬಳಗದವರು ತಿಂಗಳಿಗೊಮ್ಮೆ ‘ಭಟ್ಟಿ’ ಎಂಬ ಹೆಸರಿನ ಪಬ್ಬಿನ ಹಿಂದಿನ ಹಾಲಿನಲ್ಲಿ ಸೇರುತ್ತಿದ್ದರು. ಅಲ್ಲಿ ಟ್ರೆವರನ ಮಾತಿಗಿದ್ದ ಬೆಲೆ, ಓಡುವ ಕಾರಿದ್ದವರ ಮಾತಿಗಿರಲಿಲ್ಲ. ಒಬ್ಬ ಪುಣ್ಯಾತ್ಮ ತನ್ನ ಕಾರಿನ ಕೆಲಸ ನಿಜಕ್ಕೂ ಮುಗಿಸಿ ಓಡಿಸಿಕೊಂಡು ಬಂದಿದ್ದ. ಎಲ್ಲರೂ ಹೊರಗೆ ಹೋಗಿ ನೋಡಿ, ಚೆನ್ನಾಗಿದೆ ಎಂದು, ಒಳಗೆ ಬಂದು ಅವನಿಂದ ದೂರ ಕುಳಿತರು. ಅವನ ಹತ್ತಿರ ಇನ್ನು ಮಾತಾಡುವುದಕ್ಕೆ ಏನಿದೆ? ಮುಂದಿನ ವರ್ಷ ಅವನು ಬಳಗ ಬಿಟ್ಟ. ಟ್ರೆವರನಿಗೆ ಆ ಗಂಡಾಂತರ ಇರಲಿಲ್ಲ. ಅವನ ಪ್ರಸಿದ್ಧ ಮಾತು ಎಲ್ಲರಿಗೂ ಬಾಯಿಪಾಠವಾಗಿತ್ತು: “ಇಡೀ ಗಾಡಿ ನೋಡಬೇಡಿ, ಎದೆ ಒಡೆಯುತ್ತೆ. ಒಂದು ಬೋಲ್ಟ್ ನೋಡಿ.” ಇದನ್ನು ಹೇಳಿ ಅವನು ಜೇಬಿನಿಂದ ಒಂದು ಬೋಲ್ಟ್ ತೆಗೆದು ಎತ್ತಿ ಹಿಡಿಯುತ್ತಿದ್ದ. ಗಟ್ಟಿಮುಟ್ಟಾದ ಗಂಡಸರು ಬಿಯರಿನ ಲೋಟದೊಳಗೆ ನೋಡುತ್ತಿದ್ದರು. ಬಳಗದ ಅಧ್ಯಕ್ಷ ಸಿರಿಲ್ ಮೇಚಿನ್ ಆ ಮಾತನ್ನು ಬನಿಯನ್ನುಗಳ ಮೇಲೆ ಅಚ್ಚು ಹಾಕಿಸುವ ಯೋಚನೆಯಲ್ಲಿದ್ದ.

ಹೀಗಿರುವಾಗ ಒಂದು ವರ್ಷದ ವಸಂತದಲ್ಲಿ ಡೋರೀನಳಿಗೆ ಬಾಗಿಲ ಚೌಕಟ್ಟು ಡೊಂಕಾಗಿ ಕಾಣತೊಡಗಿತು. ಓದುವ ಸಾಲಿನ ನಡುವಿನ ಅಕ್ಷರಗಳು ಮಾಯವಾಗುತ್ತಿದ್ದವು. ಕಣ್ಣಿನ ಡಾಕ್ಟರು ನೋಡಿ, ಕಣ್ಣಿನ ಹಿಂಪರದೆಯ ನಡುಭಾಗ ಸವೆಯುತ್ತಿದೆ, ಸದ್ಯಕ್ಕೆ ಹಗಲಲ್ಲಿ ಕಾರು ಓಡಿಸಬಹುದು, ಜುಲೈ ಕೊನೆಯ ತಪಾಸಣೆಯಲ್ಲಿ ಬಹುಶಃ ಬಿಡಬೇಕಾಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡಿರಿ ಎಂದರು. ಇಂಥ ಸುದ್ದಿಯನ್ನು ಎಷ್ಟೋ ಜನಕ್ಕೆ ತಾನೇ ಹೇಳಿದ್ದವಳು ಅವಳು. ಮನೆಗೆ ಬಂದು, ಚಹಾ ಸೋಸಿ, ಗಂಡನ ಮುಂದೆ ಕುಳಿತು ಹೇಳಿದಳು. ಕೊನೆಗೆ ಇಷ್ಟು ಸೇರಿಸಿದಳು: “ಅಷ್ಟರೊಳಗೆ ಒಂದ್ಸಲ ಮೋರಿಸ್ ಓಡಿಸ್ಕೊಂಡು ಬೋರೆಗೆ ಹೋಗ್ಬೇಕು ಟ್ರೆವರ್. ನಾನೇ ಓಡಿಸ್ಬೇಕು.”

ಟ್ರೆವರ್ ಅತ್ತ. ನಿಜವಾಗಿ ಅತ್ತ; ಅವನು ಕಲ್ಲೆದೆಯವನಲ್ಲ. ಅವಳ ಕೈ ಹಿಡಿದು, ಜುಲೈಯೊಳಗೆ ಕಾರು ಬಾಗಿಲಲ್ಲಿ ನಿಂತಿರುತ್ತದೆ ಎಂದು ಮಾತು ಕೊಟ್ಟ. ಒಂದು ವಾರ ಮೈಮೇಲೆ ಬಂದವನ ಹಾಗೆ ದುಡಿದ. ಎಂಜಿನ್ ಕೂತಿತು, ಬಾಗಿಲುಗಳು ಏರಿದವು. ಆಗ ಅವನು ಹಿಂದಕ್ಕೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. ಎಡಬಾಗಿಲಿನ ಸಂದು ಮೇಲಿಗಿಂತ ಕೆಳಗೆ ಒಂದು ಕೂದಲೆಳೆ ಅಗಲವಾಗಿತ್ತು. ಅಲ್ಲಿಗೆ ಮುಗಿಯಿತು. ಬಾಗಿಲು ಇಳಿಯಿತು, ಬಾಗಿಲ ಹಿಂದೆ ಕಂಬ ಇಳಿಯಿತು, ಕಂಬ ಬಿಚ್ಚಿದ ಮೇಲೆ ಎಂಜಿನ್ ಇದ್ದರೆ ಬಣ್ಣಕ್ಕೆ ಅಡ್ಡಿ ಎಂದು ಅದೂ ಇಳಿಯಿತು.

ಸರಿಯಾದ ಎಡಬಾಗಿಲು ಬೇಕಾದರೆ ದಾನಿ ಗಾಡಿ ಬೇಕು ಎಂದು ಅವನು ತೀರ್ಮಾನಿಸಿದ. ಈ ಹುಚ್ಚಿನವರಲ್ಲಿ ಇದೊಂದು ಪದ್ಧತಿ: ಒಂದು ಕಾರು ಬದುಕಬೇಕಾದರೆ ಅದೇ ಜಾತಿಯ ಇನ್ನೊಂದನ್ನು ತಂದು, ಅದರ ಅಂಗಾಂಗ ಕಿತ್ತು ಇದಕ್ಕೆ ಜೋಡಿಸುವುದು. ಕಿತ್ತಿಸಿಕೊಳ್ಳುವ ಗಾಡಿಗೆ ದಾನಿ ಎಂದು ಹೆಸರು, ಅದನ್ನು ಯಾರೂ ಕೇಳದಿದ್ದರೂ. ಲೀಕ್ ಆಚೆಯ ಒಂದು ಕುರಿ ಸಾಕುವ ಮನೆಯಲ್ಲಿ ಅಂಥದೊಂದು ಇದೆಯೆಂದು ತಿಳಿದು ಗಂಡಹೆಂಡತಿ ಟ್ರೇಲರ್ ಬಾಡಿಗೆಗೆ ತೆಗೆದುಕೊಂಡು ಹೋದರು. ಆ ಮನೆಯ ಹೆಂಗಸು ಅಂದಿನವರೆಗೂ ಅದರಲ್ಲಿ ಕುರಿಗಳ ಹಿಂಡಿ ಸಾಗಿಸುತ್ತಿದ್ದಳು. ಮರದ ಚೌಕಟ್ಟಿನ ಮೂಲೆಗಳಲ್ಲಿ ಪಾಚಿ, ಹಿಂದಿನ ಕಿಟಕಿಯ ಕೆಳಗೆ ಸಣ್ಣ ಸಣ್ಣ ಅಣಬೆಗಳ ಒಂದು ಸಂಸಾರ. ಆಕೆ ಕುಳಿತು ಗುಂಡಿ ಎಳೆದಳು. ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಅಂಗಳದಲ್ಲಿ ಒಂದು ಸುತ್ತು ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಹಿಂದಿನ ಪೈಪು ಪರ್ರೆಂದು ಸದ್ದು ಮಾಡಿತು. ಮೋರಿಸ್ ಮಾತ್ರ ಮಾಡುವ ಆ ಮರ್ಯಾದೆಗೆಟ್ಟ ಸದ್ದು. ಡೋರೀನ್ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತವಳು ತೆಗೆಯಲೇ ಇಲ್ಲ.

ಟ್ರೆವರ್ ಅದನ್ನು ಟ್ರೇಲರಿಗೆ ತಳ್ಳಿ ಹತ್ತಿಸಿ ತಂದ. ತಂದು ಅಂಗಳದಲ್ಲಿ ಇಳಿಸಿದ ಮೇಲೆ ಡೋರೀನ್ ಕೇಳಿದಳು.

“ಟ್ರೆವರ್, ಇದು ಓಡುತ್ತಲ್ಲ.”

“ಓಡುತ್ತೆ. ಆದ್ರೆ ಇದು ದಾನಿ ಕಣೇ.”

“ಒಂದ್ಸಲ ನಾನು ಓಡಿಸಿಬಿಡ್ತೀನಿ. ಆಮೇಲೆ ನಿಂಗೇನು ಬೇಕೋ ಬಿಚ್ಕೋ.”

“ಇದರಲ್ಲಾ? ಅಣಬೆ ಬೆಳ್ದಿರೋ ಗಾಡೀಲಿ? ಇಷ್ಟು ವರ್ಷ ಕಾಯ್ಸಿ ನಿಂಗೆ ಕೊನೆಗೆ ಸೆಕೆಂಡ್ಸ್ ಕೊಡ್ಲಾ ನಾನು?”

“ಮದ್ವೆ ಆದಾಗಿಂದ ಸೆಕೆಂಡ್ಸ್‌ನಲ್ಲೇ ತಿಂತಾ ಇದೀನಿ. ಹೊಟ್ಟೆ ಏನೂ ಕೆಟ್ಟಿಲ್ಲ.”

ಟ್ರೆವರ್ ಅದನ್ನು ತಮಾಷೆ ಎಂದುಕೊಂಡು ನಕ್ಕ. ಅವನ ಕಣ್ಣು ಕಾರ್ಖಾನೆಯಲ್ಲಿ ಬಿರುಕು ಹುಡುಕಿ ಹುಡುಕಿ ಎಷ್ಟು ಚುರುಕಾಗಿತ್ತೆಂದರೆ, ಎದುರಿಗಿದ್ದ ಮುಖ ಕಾಣಿಸುತ್ತಿರಲಿಲ್ಲ. ಅದೇ ಮಧ್ಯಾಹ್ನ, ತನ್ನದರ ಜೊತೆ ಹೋಲಿಸಿ ನೋಡುವುದಕ್ಕೆಂದು, ದಾನಿಯ ಕಾರ್ಬ್ಯುರೇಟರ್ ಬಿಚ್ಚಿ ಚೂರುಚೂರು ಮಾಡಿದ. ಅದರ ಕನ್ನಡಿಗಳನ್ನೂ ಚಕ್ರದ ಮುಚ್ಚಳಗಳನ್ನೂ ಕಿತ್ತ. ಬ್ಯಾಟರಿ ತೆಗೆದಿಟ್ಟ. ಓಡುವ ಒಂದೇ ಒಂದು ಮೋರಿಸ್ ಆ ಮನೆಗೆ ಬಂದಿತ್ತು, ಸಂಜೆಯೊಳಗೆ ಅದನ್ನೂ ನಿಲ್ಲಿಸಿಬಿಟ್ಟ. ಎಡಬಾಗಿಲಿಗೆ ಮಾತ್ರ ಕೈ ಹಾಕಲಿಲ್ಲ, ಯಾಕೆಂದರೆ ಅದೂ ಒಂಚೂರು ಸೊಟ್ಟಗಿತ್ತು.

ಜುಲೈ ಬಂತು. ಅದರ ಜೊತೆಗೆ ಟ್ರೆವರನ ಬದುಕಿನ ದೊಡ್ಡ ಕರೆಯೂ ಬಂತು. ಚೆಷೈರಿನಿಂದ, ಡಾರ್ಬಿಷೈರಿನಿಂದ ಬೇರೆ ಬಳಗದವರೂ ಬರುತ್ತಾರೆ, ಮೈಕ್ ಹಾಕಿಸುತ್ತೇವೆ, ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ನೀನು ‘ಹುಮ್ಮಸ್ಸು ಕಾಪಾಡಿಕೊಳ್ಳುವ ಬಗೆ’ ಕುರಿತು ಮಾತಾಡಬೇಕು ಎಂದು ಸಿರಿಲ್ ಮನೆಗೆ ಬಂದು ಹೇಳಿದ. ಆ ಕ್ಷಣದಿಂದ ಟ್ರೆವರ್ ಶೆಡ್ಡಿಗೆ ಹೋದದ್ದು ಭಾಷಣ ಗಟ್ಟಿಮಾಡುವುದಕ್ಕೆ. ಬಿಚ್ಚಿದ ಎಂಜಿನ್ನಿನ ಎದುರು ನಿಂತು ಕೈ ಬೀಸಿ ಅಭ್ಯಾಸ ಮಾಡಿದ. ಕಣ್ಣಾಸ್ಪತ್ರೆಯಿಂದ ಬಂದ ಕಾಗದವನ್ನು ಡೋರೀನ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ತಪಾಸಣೆ ಭಾಷಣದ ಮಾರನೆಯ ದಿನ. ಅವನು ಹಾಲು ತೆಗೆಯುವಾಗಲೆಲ್ಲ ಅದನ್ನು ನೋಡುತ್ತಿದ್ದ. ನೋಡಿದಾಗಲೆಲ್ಲ ಒಳಗೆ ಏನೋ ಚುಚ್ಚುತ್ತಿತ್ತು. ಚುಚ್ಚಿದಾಗ ಏನು ಮಾಡಬೇಕೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಡೀ ಗಾಡಿ ನೋಡಬಾರದು. ಅವನು ಹಾಲಿನ ಕಡೆ ಮಾತ್ರ ನೋಡಿ ಬಾಗಿಲು ಹಾಕುತ್ತಿದ್ದ.

ಡೋರೀನ್ ಕೇಳುವುದನ್ನು ಬಿಟ್ಟಿದ್ದಳು. ಅವಳಿಗೆ ಅರ್ಥವಾಗಿದೆ, ಎಂಥ ತಾಳ್ಮೆಯವಳು ಎಂದು ಟ್ರೆವರನ ಎದೆ ತುಂಬಿಬಂತು. ಭಾಷಣದಲ್ಲಿ ಅವಳ ಬಗ್ಗೆ ಒಂದು ಸಾಲನ್ನೂ ಸೇರಿಸಿಕೊಂಡ.

ಭಾನುವಾರ ಬೆಳಿಗ್ಗೆಯೇ ಅವನು ಕುರ್ಚಿ ಜೋಡಿಸುವುದಕ್ಕೂ ಮೈಕ್ ನೋಡುವುದಕ್ಕೂ ಪಬ್ಬಿಗೆ ಹೋದ. ಅವನು ಅತ್ತ ಹೋದ ಮೇಲೆ ಮನೆಯಲ್ಲಿ ನಡೆದದ್ದು ಅವನಿಗೆ ಆಮೇಲೆ ತಿಳಿಯಿತು. ನಾವು ಈಗಲೇ ತಿಳಿದುಕೊಂಡರೆ ತಪ್ಪಿಲ್ಲ. ದಾನಿ ಗಾಡಿಗೆ ಡೋರೀನ್ ಹಿಂದಿನ ವಾರವೇ ತನ್ನ ಹೆಸರಲ್ಲಿ ವಿಮೆ ಮಾಡಿಸಿದ್ದಳು. ಅವಳು ನರ್ಸು, ಕಾಯಿದೆ ಮೀರುವವಳಲ್ಲ. ಪೆಟ್ರೋಲ್ ತಂದಿಟ್ಟಿದ್ದಳು. ಈಗ ತೋಳು ಮಡಚಿ, ಬೆಂಕಿಗೂಡಿನ ಮೇಲಿನ ಬೆಳ್ಳಿಯಂಥ ಕಾರ್ಬ್ಯುರೇಟರನ್ನು ಕೆಳಗಿಳಿಸಿದಳು. ಎರಡು ನಟ್ಟು, ಒಂದು ಪೈಪು, ಒಂದು ತಂತಿ, ಒಂದು ಸ್ಪ್ರಿಂಗು. ಮೊದಲು ಕೆಳಗಿನ ನಟ್ಟು, ಆಮೇಲೆ ಮೇಲಿನದು, ಸ್ಪ್ರಿಂಗು ಮರೆತರೆ ಎಂಜಿನ್ ಊಳಿಡುತ್ತದೆ. ಇದನ್ನೆಲ್ಲ ಅವಳು ಎಷ್ಟು ವರ್ಷ ಆಲೂಗಡ್ಡೆ ಜೊತೆ ನುಂಗಿರಲಿಲ್ಲ? ಟ್ರೆವರ್ ಊರಿಗೆಲ್ಲ ಮಾಡಿದ ಪಾಠ ಒಬ್ಬರ ಕಾರನ್ನೂ ಮುಂದೆ ಕಳಿಸಿದ್ದಿಲ್ಲ. ಊಟದ ಮೇಜಿನಲ್ಲಿ ಕೊರೆದದ್ದು ಮಾತ್ರ ಕೆಲಸಕ್ಕೆ ಬಂತು. ಬ್ಯಾಟರಿ ಕೂತಿತು. ಬಟ್ಟೆ ಕಪಾಟಿನಿಂದ ಕನ್ನಡಿಗಳು ಬಂದವು. ಚಕ್ರದ ಮುಚ್ಚಳಗಳು ಅವಶ್ಯವಿರಲಿಲ್ಲ. ಆದರೂ ಟ್ರೆವರ್ ತನ್ನ ಕಾರಿಗೆಂದು ಎತ್ತಿಟ್ಟಿದ್ದ ಹೊಳೆಯುವ ಹೊಸ ನಾಲ್ಕನ್ನೂ ತಂದು ಒದ್ದು ಕೂರಿಸಿದಳು. ಅದು ಶುದ್ಧ ಹಟ, ನನಗೇನೂ ತಪ್ಪು ಕಾಣುವುದಿಲ್ಲ. ಅಣಬೆಗಳನ್ನು ಹಾಗೆಯೇ ಬಿಟ್ಟಳು.

ಇತ್ತ ಪಬ್ಬಿನ ಹಾಲು ಕಿಕ್ಕಿರಿದಿತ್ತು. ಹುರಿದ ಮಾಂಸವೂ ಗ್ರೇವಿಯೂ ಹೊಟ್ಟೆಗಿಳಿದು ಜನ ಹದವಾಗಿದ್ದರು. ಟ್ರೆವರ್ ಅಂದು ತನ್ನನ್ನೇ ಮೀರಿಸಿದ. ಕೆರೆದ ಬಣ್ಣದ ಕಥೆಗೆ ನಗಿಸಿದ, ಮರದ ಗೆರೆಯ ಕಥೆಗೆ ನಿಟ್ಟುಸಿರು ಬಿಡಿಸಿದ. ನನ್ನ ಹೆಂಡತಿ ಒಂದು ದಿನವೂ ಅವಸರ ಮಾಡಿದವಳಲ್ಲ ಎಂಬ ಸಾಲಿಗೆ ದೊಡ್ಡ ಚಪ್ಪಾಳೆ ಬಿತ್ತು. ಕೊನೆಯ ಘಟ್ಟಕ್ಕೆ ಬಂದು, ದನಿ ತಗ್ಗಿಸಿ, ಜೇಬಿಗೆ ಕೈಹಾಕಿ ಬೋಲ್ಟ್ ತೆಗೆದು ಎತ್ತಿ ಹಿಡಿದ.

ಹೊರಗೆ ಪರ್ರೆಂದು ಸದ್ದಾಯಿತು.

ಆ ಹಾಲಿನಲ್ಲಿದ್ದವರಲ್ಲಿ ಆ ಸದ್ದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಮೊದಲು ಹಿಂದಿನ ಸಾಲಿನವರು ಎದ್ದರು, ಆಮೇಲೆ ಹೆಚ್ಚುಕಡಿಮೆ ಎಲ್ಲರೂ. ಬೋಲ್ಟ್ ಗಾಳಿಯಲ್ಲೇ ಉಳಿಯಿತು, ಕೆಳಗೆ ಬರೀ ಕುರ್ಚಿಗಳು. ಟ್ರೆವರನೂ ಹೊರಗೆ ಬಂದು ನೋಡಿದರೆ, ಅಂಗಳದ ನಡುವೆ ಅವನ ದಾನಿ ಗಡಗಡಿಸುತ್ತಾ ನಿಂತಿತ್ತು. ಪಾಚಿ, ಅಣಬೆ, ಮಧ್ಯೆ ಕಣ್ಣು ಕುಕ್ಕುವ ಮುಚ್ಚಳಗಳು. ಸ್ಟಿಯರಿಂಗಿನ ಹಿಂದೆ ಡೋರೀನ್, ಹಳೆಯ ನೀಲಿ ಕೋಟು ಹಾಕಿಕೊಂಡು, ನೆಟ್ಟಗೆ ಕುಳಿತಿದ್ದಳು. ಅವಳು ಇಷ್ಟು ಚೆನ್ನಾಗಿದ್ದದ್ದನ್ನು ಅವನು ನೋಡಿ ಯಾವ ಕಾಲವಾಗಿತ್ತೋ. ಅದನ್ನು ಹೇಳಬೇಕೆಂದು ಬಾಯಿ ತೆರೆದ. 

“ಡೋರಿ, ಆ ಮುಚ್ಚಳ ನಂದು. ಕಲ್ಲು ಹಾರಿದ್ರೆ ಗೀರು ಬೀಳುತ್ತೆ.”

ಸಿರಿಲ್ ಮೇಚಿನ್ ತನ್ನ ಬೂಟು ನೋಡಿಕೊಂಡ.

“ನಾಳೆ ಬಿಚ್ಕೋ,” ಎಂದಳು ಡೋರೀನ್. “ನಂಗೆ ಇವತ್ತು ಬೆಳಕಿರೋವರ್ಗೂ ಬೇಕು. ಹತ್ತು ಬಾ, ಬೋರೆಗೆ ಹೋಗ್ಬರೋಣ. ನಿನ್ನ ಕರ್ಕೊಂಡು ಹೋಗೋಕೇ ಬಂದೆ.”

ಅವಳು ಬಗ್ಗಿ ಎಡಬಾಗಿಲನ್ನು ಒಳಗಿನಿಂದ ತೆರೆದಳು. ಸೊಟ್ಟ ಬಾಗಿಲು, ಸಲೀಸಾಗಿ ತೆರೆದುಕೊಂಡಿತು. ಟ್ರೆವರ್ ಸೀಟನ್ನು ನೋಡಿದ, ತಿರುಗಿ ಪಬ್ಬಿನ ಬಾಗಿಲ ಕಡೆ ನೋಡಿದ. ಮೈಕ್ ಇನ್ನೂ ಹಾಕಿಯೇ ಇತ್ತು. ಡಾರ್ಬಿಷೈರಿನಿಂದ ಬಂದವರಿದ್ದರು. ಮುಕ್ತಾಯದ ಮಾತು ಅವನ ಬಾಯಲ್ಲೇ ಇತ್ತು, ಅದು ಇಡೀ ಭಾಷಣದಲ್ಲಿ ಅತ್ಯುತ್ತಮವಾದದ್ದು.

“ಐದೇ ನಿಮಿಷ ಡೋರಿ. ಕೊನೇದೊಂದು ಬಾಕಿ ಇದೆ. ಮುಗಿಸಿ ಬಂದ್ಬಿಡ್ತೀನಿ.”

ಡೋರೀನ್ ಅವನನ್ನು ನೋಡಿದಳು. ನೋಟದ ನಡುಭಾಗ ಹೋದವರು ನೋಡುವ ಹಾಗೆ, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಅಂಚಿನಿಂದ. “ಸರಿ, ಮುಗ್ಸು,” ಎಂದಳು.

ಅವನು ಒಳಗೆ ಹೋಗಿ ಮುಗಿಸಿದ. ಆ ಕಾರಿನ ವಿಷಯದಲ್ಲಿ ಅವನು ಪೂರ್ತಿಯಾಗಿ ಮುಗಿಸಿದ ಕೆಲಸ ಇದೊಂದೇ. ಕೇಳಿಸಿಕೊಳ್ಳಲು ಲೋಟ ಎತ್ತುವ ಹುಡುಗಿಯೊಬ್ಬಳೂ, ಎದ್ದು ಹೋಗಲು ಮಂಡಿ ಬಾರದ ಒಬ್ಬ ಮುದುಕನೂ ಇದ್ದರು. ಆದರೂ ಒಂದು ಪದ ಬಿಡದೆ ಹೇಳಿದ, ಬೋಲ್ಟ್ ಎತ್ತಿ ಹಿಡಿದ, ಚಪ್ಪಾಳೆಗೆಂದು ನಿಲ್ಲಿಸಬೇಕಾದ ಕಡೆ ನಿಲ್ಲಿಸಿದ. ಹೊರಗೆ ಬಂದಾಗ ಅಂಗಳದಲ್ಲಿ ಎಣ್ಣೆಯ ಒಂದು ಸಣ್ಣ ಕಲೆ ಇತ್ತು.

“ಕಾದ್ಲು ಕಣಯ್ಯಾ,” ಎಂದ ಸಿರಿಲ್. “ಬಾಗ್ಲು ತೆಕ್ಕೊಂಡೇ ಕಾದ್ಲು. ಐದು ನಿಮಿಷ ಅಂದಿದ್ದೆ ನೀನು.”

ಟ್ರೆವರ್ ಮನೆಗೆ ನಡೆದುಕೊಂಡು ಬಂದ. ಮದುವೆಯ ಫೋಟೋ ಪಕ್ಕ ಕಾರ್ಬ್ಯುರೇಟರ್ ಇದ್ದ ಜಾಗ ಖಾಲಿ ಇತ್ತು. ಫೋಟೋ ಅಷ್ಟು ದೊಡ್ಡದೆಂದು ಅವನಿಗೆ ಮರೆತೇಹೋಗಿತ್ತು. ಕಿಟಕಿಯ ಬಳಿ ಕುಳಿತು ಕಾದ. ಅವಳು ಹಾಳಾದ ರಸ್ತೆಯಲ್ಲಿ, ಅರ್ಧ ಕಣ್ಣಿನಲ್ಲಿ, ಅಣಬೆ ಗಾಡಿಯಲ್ಲಿ ಎಲ್ಲಿದ್ದಾಳೋ ಎಂದು ಬೀದಿಯ ತಿರುವನ್ನೇ ನೋಡುತ್ತಿದ್ದ. ಕಾಯುವುದೆಂದರೆ ಹೀಗಿರುತ್ತದೆಯೇ ಎಂದು ಅವನಿಗೆ ಅನಿಸಿತೋ ಇಲ್ಲವೋ, ಅನಿಸಬೇಕಿತ್ತು.

ಬಿಸಿಲು ಇನ್ನೂ ಇರುವಾಗಲೇ ಪರ್ರೆಂಬ ಸದ್ದು ಬೀದಿಗೆ ತಿರುಗಿತು. ಡೋರೀನ್ ಒಳಗೆ ಬಂದು ಕೈ ತೊಳೆದಳು. ಬೆರಳೆಲ್ಲ ನೀಲಿ, ಬೋರೆಯ ಮೇಲೆ ಕಾಡುಹಣ್ಣು ಕಿತ್ತು ತಿಂದಿದ್ದಳು. ಹೇಗಿತ್ತು ಎಂದು ಅವನು ಕೇಳಿದ. ಎರಡನೇ ಗೇರು ಸ್ವಲ್ಪ ಗಟ್ಟಿ ಎಂದಳು. ಅದಕ್ಕಿಂತ ಹೆಚ್ಚು ಅವನಿಗೆ ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಅದು ಅವಳದು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಟ್ರೆವರ್ ದಿನಬಳಕೆಯ ಬೆಳ್ಳಿ ಬಣ್ಣದ ಕಾರಿನ ಕೀಲಿ ತೆಗೆದುಕೊಂಡ. ಗೇರು ತಾನೇ ಬದಲಾಗುವ ಕಾರು ಅದು. ಡೋರೀನ್ ಅಷ್ಟರಲ್ಲಿ ಮೋರಿಸ್ಸಿನಲ್ಲಿ ಕುಳಿತಾಗಿತ್ತು. ಆಸ್ಪತ್ರೆಯವರೆಗೆ ಅವಳೇ ಓಡಿಸಿದಳು, ಅವನು ಎಡಗಡೆ ಮಡಿಲಲ್ಲಿ ಕೈಯಿಟ್ಟುಕೊಂಡು ಕುಳಿತ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ನೋಡಿ, ನಿರೀಕ್ಷಿಸಿದ್ದನ್ನೇ ಹೇಳಿದರು. ಅವಳು ಚೀಲದಿಂದ ಲಕೋಟೆಯೊಂದನ್ನು ತೆಗೆದಳು. ಲೈಸೆನ್ಸ್ ಕಚೇರಿಯ ವಿಳಾಸ ಬರೆದು ಅಂಚೆಚೀಟಿ ಮನೆಯಲ್ಲೇ ಅಂಟಿಸಿ ತಂದಿದ್ದಳು. ಲೈಸೆನ್ಸನ್ನು ಅದರೊಳಗಿಟ್ಟು, ಬಾಯಿ ಮುಚ್ಚಿ, ಆಸ್ಪತ್ರೆಯ ಹೊರಗಿನ ಕೆಂಪು ಅಂಚೆಪೆಟ್ಟಿಗೆಯ ಕಂಡಿಯನ್ನು ಕೈಯಿಂದ ತಡವಿ ಹುಡುಕಿ ಹಾಕಿದಳು. ಆಮೇಲೆ ಕಾರಿನ ಎಡಗಡೆಗೆ ಹೋಗಿ ಕುಳಿತು, ಕಪ್ಪು ಕನ್ನಡಕ ಏರಿಸಿದಳು.

ಟ್ರೆವರ್ ಬಲಗಡೆ ಕುಳಿತ. ಮೋರಿಸ್ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿರಲಿಲ್ಲ, ಒಂದನ್ನು ಬಿಟ್ಟು: ಅದನ್ನು ಅವನು ಒಮ್ಮೆಯೂ ಓಡಿಸಿರಲಿಲ್ಲ. ಆಸ್ಪತ್ರೆಯಿಂದ ಹೊರಬರುವ ದಾರಿ ಏರು, ಏರಿನ ತುದಿಯಲ್ಲಿ ದೊಡ್ಡ ರಸ್ತೆ. ಅರ್ಧ ಏರಿನಲ್ಲಿ ಎಂಜಿನ್ ನಿಂತಿತು. ಗುಂಡಿ ಎಳೆದು ಎಬ್ಬಿಸಿದ, ಮತ್ತೆ ನಿಂತಿತು. ಹಿಂದೆ ಒಂದು ಆಂಬುಲೆನ್ಸು, ಅದರ ಹಿಂದೆ ಉದ್ದಕ್ಕೆ ಕಾರುಗಳು. ಗೇರಿನ ಕೋಲು ಹಿಡಿದು ಎಳೆದ, ಅದು ಒಳಗೆಲ್ಲೋ ಹಲ್ಲು ಕಡಿಯಿತು.

“ಅದಲ್ಲ,” ಎಂದಳು ಡೋರೀನ್ ಕಿವಿಗೊಟ್ಟು. “ಅದು ಹಿಂದಕ್ಕೆ ಹೋಗೋದು.”

ಹಾರನ್ನುಗಳು ಶುರುವಾದವು. ಟ್ರೆವರನ ಕುತ್ತಿಗೆಯಿಂದ ಬೆವರು ಇಳಿಯಿತು. ಕನ್ನಡಿಯಲ್ಲಿ ನೋಡಿದರೆ ಆ ಸಾಲು, ಮುಂದೆ ನೋಡಿದರೆ ಆ ಏರು, ಅದರಾಚೆ ಮನೆವರೆಗಿನ ಅಷ್ಟುದ್ದ ರಸ್ತೆ, ಇನ್ನು ಮೇಲೆ ಅವಳನ್ನು ಕರೆದುಕೊಂಡು ಹೋಗಬೇಕಾದ ಎಲ್ಲ ರಸ್ತೆಗಳು.

“ನನ್ ಕೈಲಾಗಲ್ಲ ಡೋರಿ,” ಎಂದ.

ಅವಳು ಕಪ್ಪು ಕನ್ನಡಕದೊಳಗಿಂದ ನೇರ ಮುಂದಕ್ಕೆ ಮುಖ ಮಾಡಿ ಕುಳಿತಿದ್ದಳು.

“ಇಡೀ ರಸ್ತೆ ನೋಡ್ಬೇಡ ಟ್ರೆವರ್,” ಎಂದಳು. “ಎದೆ ಒಡೆಯುತ್ತೆ. ಒಂದು ಗೇರು ನೋಡು.”

ಹಿಂದಿನ ಆಂಬುಲೆನ್ಸಿನವನು ಮತ್ತೊಮ್ಮೆ ಹಾರನ್ ಒತ್ತಿದ.